ಇಂದಿನ ದರ

ಕಾರವಾರದಲ್ಲಿ ಎಕ್ಸ್‌ಚೇಂಜ್ ಅಂದರೆ ಆಗ
ಹಳದಿ ಕಟ್ಟಡ, ಅಪ್ಪನ ರಾತ್ರಿಪಾಳಿ,
ಕಿವಿಗೆ ಕಪ್ಪು ಬಟ್ಟಲು, ಎದುರಿಗೆ ತೂತುತೂತಿನ ಹಲಗೆ.
ಕುವೈತಿನಿಂದ ಬಂದ ದನಿಯೊಂದನ್ನು
ವಯರಿನ ತುದಿಯಲ್ಲಿ ಹಿಡಿದು
ಕೋಡಿಬಾಗದ ಮನೆಯೊಂದಕ್ಕೆ ಚುಚ್ಚುತ್ತಿದ್ದ.
"ಮೂರು ನಿಮಿಷ ಆಯ್ತು" ಎನ್ನುವುದಕ್ಕೆ ಅವನಿಗೆ ಸಂಬಳ.
ಕೆಲವೊಮ್ಮೆ ಹೇಳುತ್ತಿರಲಿಲ್ಲವಂತೆ,
ಎರಡೂ ಬದಿ ಬರೀ ಅಳುವೇ ಇದ್ದಾಗ.

ಹಾಗಾಗಿ, ಫಾರಿನ್ ಎಕ್ಸ್‌ಚೇಂಜ್ ಬರಿದಾಗಿದೆ,
ದೇಶದ ಚಿನ್ನ ವಿಮಾನ ಹತ್ತಿದೆ
ಎಂದು ಪೇಪರಿನಲ್ಲಿ ಓದಿದ ದಿನ
ಅಪ್ಪನ ಕೆಲಸವೇ ಹೋಯಿತೆಂದುಕೊಂಡೆ.
ಮಣ್ಣಿನ ಗೋಲಕ ಒಡೆದು ಅವನ ಊಟದ ಡಬ್ಬಿಯಲ್ಲಿಟ್ಟೆ
ಏಳು ರೂಪಾಯಿ ನಲವತ್ತು ಪೈಸೆ.

ಅಮ್ಮನ ಎಕ್ಸ್‌ಚೇಂಜೇ ಬೇರೆ.
ಗಂಡನ ದನಿ ಕೂಡಿಸಿಕೊಟ್ಟ ಋಣಕ್ಕೆ
ಕೋಡಿಬಾಗದ ಜುಲೇಖಾಬಿ ತಂದುಕೊಟ್ಟಳು
ಅಪ್ಪನಿಗೊಂದು ಗಿಳಿಹಸಿರು ಶರ್ಟು, ಕಾಲರಿನಲ್ಲಿ ಅರಬ್ಬೀ ಚೀಟಿ.
ಲಂಚ ಆಗ್ತದೆ ಮಾರಾಯ್ತಿ, ಎಂದ. ಹಾಕಲಿಲ್ಲ.
ಪೆಟ್ಟಿಗೆಯಲ್ಲೇ ಹಳತಾಗಿ ಅದು ಒಂದು ಮಧ್ಯಾಹ್ನ
ಹಳೇ ಬಟ್ಟೆಗೆ ಪಾತ್ರೆ ಕೊಡುವವಳ ಗಂಟು ಸೇರಿ
ಸ್ಟೀಲಿನ ತಪ್ಪಲೆಯಾಗಿ ಮನೆಗೆ ಬಂತು.
"ನೋಡು, ಫಾರಿನ್ ಎಕ್ಸ್‌ಚೇಂಜು!" ಅಮ್ಮ ಅದನ್ನು ಬಡಿದು ನಕ್ಕಳು.
ತಳ ಕುಣಿಯುತ್ತದೆ. ಇನ್ನೂ ಇದೆ.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ನಾನೂ ಹೆಸರು ಕೊಟ್ಟಿದ್ದೆ.
ಅಲ್ಲಿ ಏನನ್ನೂ ಬದಲಿಸಿ ಕೊಡಲಿಲ್ಲ.
ಹರಕೆಯ ಹಾಗೆ ಮೂರು ವರ್ಷಕ್ಕೊಮ್ಮೆ ಹೋಗಿ ನೆನಪಿಸಿ ಬಂದೆ.

ಈಗ ಮೇನ್ ರೋಡಿನಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತಿದ್ದೇನೆ.
ತಲೆಯ ಮೇಲೆ ಕೆಂಪು ದೀಪದ ಅಂಕಿ: ಇಂದಿನ ದರ.
ಗೋಕರ್ಣದಿಂದ ಬರುವ ಯೂರೋ ನೋಟಿನ ಮಡಿಕೆಯಲ್ಲಿ ಮರಳು;
ಎಣಿಸಿದ ಮೇಲೆ ಬೆರಳು ಝಾಡಿಸಬೇಕು.
ಡಾಂಬರಿನ ಹಡಗಿನಿಂದಿಳಿದ ಫಿಲಿಪಿನೋ ಹುಡುಗ
ಹತ್ತು ಡಾಲರು ತಳ್ಳಿ, ರೂಪಾಯಿ ಎಣಿಸದೆ,
ಬಾಳೆಹಣ್ಣು ಎಲ್ಲಿ ಸಿಗುತ್ತದೆಂದು
ಗಾಳಿಯಲ್ಲೇ ಸುಲಿದು ತೋರಿಸಿದ.

ಮೊನ್ನೆ ಸಂತೆಯ ದಿನ ದುರ್ಗಿ ಹರಿಕಂತ್ರ
ಬಂಗಡೆ ಬುಟ್ಟಿ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು,
ಸೆರಗಿನ ಗಂಟು ಬಿಚ್ಚಿದಳು. ಒಂದು ನಾಣ್ಯ.
ಬಲೆಯಲ್ಲಿ ಬಂದದ್ದಂತೆ. ಮಧ್ಯೆ ತೂತು,
ಸುತ್ತ ಉಪ್ಪು ತಿಂದ ಅಕ್ಷರ.
"ಇದ್ಕೆ ಎಷ್ಟ್ ಬತ್ತದೆ, ತಂಗಿ?"
ನಾಣ್ಯ ತಗೊಳ್ಳೋದಿಲ್ಲ, ನೋಟು ಮಾತ್ರ, ಎಂದೆ.
"ಯಾಕೆ, ಚಿಲ್ರೆ ದುಡ್ಡಲ್ವೇನೆ?"
ಪಟ್ಟಿ ನೋಡಿದೆ. ಹುಡುಕುವುದಾದರೂ ಯಾವ ದೇಶದ ಕೆಳಗೆ?
ಹಿಂದೆ ಸಾಲು ಕೆಮ್ಮುತ್ತಿತ್ತು. ಮೂರು ನಿಮಿಷ ಆಗಿತ್ತು.

ಪರ್ಸಿನಿಂದ ಐವತ್ತು ತೆಗೆದುಕೊಟ್ಟೆ.
ಬಿಟ್ಟಿ ತಿನ್ನುವವಳಲ್ಲ ಅವಳು; ಹೊರಗೆ ಹೋಗಿ
ನಾಲ್ಕು ಬಂಗಡೆ ಪೇಪರಿನಲ್ಲಿ ಸುತ್ತಿ ತಂದು
ಡಾಲರು ಬರುವ ಕಿಂಡಿಯಲ್ಲೇ ತುರುಕಿದಳು.
ರಸೀದಿ ಹರಿಯಲಿಲ್ಲ.
ಮ್ಯಾನೇಜರು ಸಂಜೆಯವರೆಗೂ ಮೂಗು ಮುಚ್ಚಿಕೊಂಡಿದ್ದ.

ಮನೆಯಲ್ಲಿ ಆ ತಪ್ಪಲೆಯಲ್ಲೇ ಮೀನು ತೊಳೆಯುತ್ತ
ನಾಣ್ಯವನ್ನು ಅಪ್ಪನ ಅಂಗೈಗಿಟ್ಟೆ.
ಬೆಳಕಿಗೆ ಹಿಡಿದ. ತೂತಿನೊಳಗೆ ಒಂದು ಕಣ್ಣಿಟ್ಟ.
ಆಮೇಲೆ ಕಿವಿಯ ಹತ್ತಿರ ತಂದು,
ನಾನು ಮರೆತೇಬಿಟ್ಟಿದ್ದ ಆ ರಾತ್ರಿಪಾಳಿಯ ದನಿಯಲ್ಲಿ
"ಯಾವ ಊರು ಬೇಕು?" ಎಂದ.