ಮೂರು ರಾತ್ರಿಯ ಲೋಟ

ಕಡೂರು ದಾಟಿ ಬೀರೂರು ಮುಟ್ಟುವ ಮೊದಲು
ಹಳಿ ಒಂದಿಷ್ಟು ಬಾಗುವಲ್ಲಿ ನನ್ನ ಗೇಟು.
ಗುಮಟಿಯ ಹಿಂದೆ ಎಂಟು ಮೊಳ ಜಾಗ,
ಎಷ್ಟು ಆರಿಸಿದರೂ ಮತ್ತೆ ಜಲ್ಲಿಯೇ ಸಿಗುವ ಮಣ್ಣು.
ಅಲ್ಲಿ ಏಳು ಗಿಡ ನಾಟಿ ಟೊಮೇಟೊ,
ಬಣ್ಣ ಹೋದ ಬಾವುಟಗಳ ಕೋಲಿಗೆ ಆತು ನಿಂತಿವೆ.

ನೋಡಲು ಚಂದವಿಲ್ಲ. ಮಡಿಕೆ ಮಡಿಕೆ ಮೈ,
ತೊಟ್ಟಿನ ಹತ್ತಿರ ಒಡಕು. ಸಂತೆಗೆ ಒಯ್ದರೆ
ಕೇಳುವವರಿಲ್ಲ. ಆದರೆ ಹುಳಿ!
ಒಂದು ಹಣ್ಣು ಕಿವುಚಿದರೆ ಸಾರಿಗೆ ಹುಣಸೆ ಬೇಡ.

ಬೀಜ ನನ್ನದಲ್ಲ. ನನಗಿಂತ ಮುಂಚೆ ಇಲ್ಲಿದ್ದ
ಸಣ್ಣತಿಮ್ಮಯ್ಯ, ವರ್ಗವಾಗಿ ಹೋಗುವಾಗ,
ಕೀಲಿ, ಲಾಟೀನು, ಪಟಾಕಿ ಡಬ್ಬಿ ಎಣಿಸಿ ಕೊಟ್ಟು,
ಸಹಿ ಹಾಕಿಸಿಕೊಂಡು, ಆಮೇಲೆ ಜೇಬಿನಿಂದ
ಲೆಕ್ಕಕ್ಕಿಲ್ಲದ್ದೊಂದು ತೆಗೆದ:
ರಿಸರ್ವೇಷನ್ ಚಾರ್ಟಿನ ಹರಿದ ತುಂಡು,
ಅದಕ್ಕೆ ಅಂಟಿ ಒಣಗಿದ ಬೀಜ.
"ಕೀಳೋಕೆ ಹೋಗ್ಬೇಡಿ ಚನ್ನಾಜಮ್ಮ, ಸಿಪ್ಪೆ ಹರೀತದೆ.
ಕಾಗದದ ಸಮೇತ ಹೂಳಿ."
ಹೂಳಿದೆ.
ಅರಸೀಕೆರೆಯಲ್ಲಿ ಹತ್ತಿ ಎಲ್ಲಿ ಇಳಿದರೋ,
ಐವತ್ತೆರಡರ ಹೆಣ್ಣು, ಮೂವತ್ತರ ಗಂಡು,
ಅವರ ಹೆಸರುಗಳ ಮೇಲೆ ಮೊಳಕೆ ಎದ್ದವು.

ಹೊಸದರಲ್ಲಿ ನಗು ಬರುತ್ತಿತ್ತು:
ಹಳಿಯ ಕಡೆ ಕೆಂಪೆಂದರೆ ನಿಲ್ಲು;
ಗುಮಟಿಯ ಹಿಂದೆ ಹಸಿರೆಂದರೆ ನಿಲ್ಲು, ಕೆಂಪೆಂದರೆ ಬಾ.
ಗೇಟು ಹಾಕಿದಾಗ ಬೈಕಿನಿಂದ ಇಳಿದವರು
ಸುಮ್ಮನೆ ಕೈ ಚಾಚುತ್ತಾರೆ. ಈರುಳ್ಳಿ ಲಾರಿಯ ಕ್ಲೀನರ್ ಹುಡುಗ
ಜೇಬಲ್ಲಿ ಉಪ್ಪು ಹಾಕಿಕೊಂಡೇ ಬರುತ್ತಾನೆ.
ತಿನ್ನಲಿ. ಎರಡನೇ ಗೊಂಚಲಿನ ಒಂದು ಹಣ್ಣಿಗೆ ಮಾತ್ರ
ಕೆಂಪು ಬಾವುಟದ ಚಿಂದಿ ಕಟ್ಟಿರುತ್ತೇನೆ.
ಅದು ಬೀಜದ್ದು. ಅದರ ಮುಂದೆ ಎಲ್ಲರೂ ನಿಲ್ಲಬೇಕು.

ಹೋದ ವರ್ಷ ಅದನ್ನೂ ಒಬ್ಬಾತ ಕಿತ್ತು ಕಚ್ಚಿದ.
ಓಡಿ ಹೋಗಿ ಉಗಿಸಿದೆ,
ನನ್ನ ಅಂಗೈಗೆ.
ಬೈಕಿನ ಹಿಂದೆ ಕೂತಿದ್ದ ಹೆಂಡತಿ
ನಕ್ಕು ನಕ್ಕು ಸೆರಗು ಕಚ್ಚಿಕೊಂಡಳು.
ಈಗಿನ ಏಳರಲ್ಲಿ ಮೂರು ಆ ಉಗುಳಿನವು.

ಈ ಸಲ ಗೇಟಿಗೇ ಆರ್ಡರು ಬಂದಿದೆ.
ಹಳಿಯ ಕೆಳಗೆ ದಾರಿ ಕೊರೆದಾಯಿತು, ಸಿಮೆಂಟು ಒಣಗಬೇಕಷ್ಟೆ.
ಯುಗಾದಿ ಹೊತ್ತಿಗೆ ಕಂಬ ಕಿತ್ತು ಗುಮಟಿ ಕೆಡವುತ್ತಾರೆ.
ನನ್ನನ್ನು ಎಲ್ಲಿಗೆ ಹಾಕುತ್ತಾರೋ,
ಹಳಿ ಕೆಲಸಕ್ಕೋ, ಆಫೀಸಿನ ಕಸಕ್ಕೋ.

ಆದರೂ ಚಿಂದಿ ಬಿಚ್ಚಿದೆ.
ಬೆರಳಿಗೆ ಸೋಲುವಷ್ಟು ಕಳಿತಿತ್ತು ಹಣ್ಣು.
ಅಡ್ಡ ಕೊಯ್ದು, ಲೋಳೆ ಸಮೇತ ಕೆರೆದು ಗಾಜಿನ ಲೋಟಕ್ಕೆ,
ನಾಲ್ಕು ಚಮಚ ನೀರು, ಮೇಲೊಂದು ಬಟ್ಟೆ.
ಬರೀ ತೊಳೆದರೆ ಸಾಲದು. ಕೊಳೆಯಬೇಕು.
ಮೈಗಂಟಿದ ಲೋಳೆ ತಾನಾಗಿ ಬಿಡಬೇಕು.
ಎರಡನೇ ದಿನ ಬೂಷ್ಟು.
ಪಾಳಿ ಬದಲಿಸಲು ಬಂದ ಇಮಾಮ್‌ಸಾಬಿ ಮೂಗು ಮುಚ್ಚಿ
"ಡ್ಯೂಟೀಲೇ ಹೆಂಡ ಇಳಿಸ್ತೀರೇನಕ್ಕಾ?" ಅಂದ.
ಆಮೇಲೆ ಮೆಲ್ಲಗೆ,
"ಮುಂಗಾರಿಗೆ ನೀವೂ ಇಲ್ಲ, ನಾನೂ ಇಲ್ಲ. ಯಾರಿಗಿದು?"
ಉತ್ತರ ಹೊಳೆಯಲಿಲ್ಲ.
ರಿಜಿಸ್ಟರಿನಲ್ಲಿ ಟೈಮು ಬರೆದು ಪೆನ್ನು ಕೊಟ್ಟೆ.

ಮೂರನೇ ರಾತ್ರಿ ಅದಿರಿನ ಗೂಡ್ಸು.
ಗೇಟು ಹಾಕಿದೆ. ಕಾಯಲು ಇದ್ದದ್ದು ಒಂದು ನಾಯಿ.
ಗುಮಟಿಯ ಕಿಟಕಿ ಗದಗುಟ್ಟಿತು. ಒಳಗೆ ಮೇಜಿನ ಮೇಲೆ
ಲೋಟ ನಡುಗುತ್ತಾ ಅಂಚಿನ ಕಡೆಗೆ ಸರಿಯುತ್ತಿತ್ತು.
ಹಸಿರು ದೀಪ ಹಿಡಿದ ಕೈ ಇಳಿಸುವಂತಿಲ್ಲ.
ಐವತ್ತೆಂಟು ಡಬ್ಬಿ. ಒಂದೂ ಬಿಡದೆ ಎಣಿಸಿದೆ.

ಅಂಚಿಗೆ ಅರ್ಧ ಬೆರಳು ಉಳಿದಿತ್ತು.
ಬೂಷ್ಟು ಬಿರಿದು, ಜೊಳ್ಳು ಮೇಲೆ ತೇಲಿ,
ಗಟ್ಟಿ ಬೀಜ ತಳದಲ್ಲಿ.

ಬಸಿದೆ, ತೊಳೆದೆ. ಹರಡಲು ಕಾಗದ ಬೇಕಲ್ಲ;
ರಿಜಿಸ್ಟರಿನ ಕೊನೆಯ ಹಾಳೆ ಹರಿದೆ. ತಪ್ಪು, ಗೊತ್ತು.
ಗೇಟು ಹಾಕಿದ ಸಮಯ, ತೆರೆದ ಸಮಯ,
ಇನ್ನು ಯಾರೂ ತುಂಬದ ಆ ಮನೆಗಳಲ್ಲಿ
ಐದೈದು ಬೀಜ ಇಟ್ಟೆ.

ಒಣಗಿದ ಮೇಲೆ ಕತ್ತರಿಸಿ,
ಗೇಟಿನಲ್ಲಿ ನಿಂತವರಿಗೆಲ್ಲ ಒಂದೊಂದು ತುಂಡು.
ಮೊದಲು ಆ ಕ್ಲೀನರ್ ಹುಡುಗನಿಗೆ.
ಉಪ್ಪಿನ ಜೇಬಲ್ಲಿ ಇಡಬೇಡ ಅಂತ ಹೇಳಬೇಕು.