ತೊಂಬತ್ತು ದಿನದ ಕಾವಲಿ

ಮುಹರ್ರಕ್ಕಿನ ಪಾತ್ರೆ ಅಂಗಡಿಯಲ್ಲಿ, ಗುರುವಾರ ಸಂಜೆ,
ಡ್ಯೂಟಿಯ ಬೂಟಿನಲ್ಲೇ ನಿಂತಿದ್ದೇನೆ.
ಜೇಬಿನಲ್ಲಿ ಹಳದಿ ಚಾಕು ಕಡ್ಡಿ, ಟಾರ್ಚು,
ಸ್ಟೋರಿಗೆ ಒಪ್ಪಿಸಲು ಮರೆತ ಮೈಕ್ರಾನ್ ಮೀಟರು.
ಜಲಜಾಕ್ಷಿಯ ವಿಸಿಟ್ ವೀಸಾ ಬಂದಿದೆ, ತೊಂಬತ್ತು ದಿನ.
ಒಂದು ಕಾವಲಿ ಬೇಕು.

ರೂಮಿನದನ್ನು ತರುವಂತಿಲ್ಲ.
ನಾಲ್ವರು ಗಂಡಸರು ಏಳು ವರ್ಷ ಕೆರೆದು ಕೆರೆದು
ಅದರ ಕಪ್ಪೆಲ್ಲ ನಮ್ಮ ಹೊಟ್ಟೆಯಲ್ಲೇ ಇದೆ, ಎನ್ನುತ್ತಾನೆ ಇಸುಬು.
ಎಲ್ಲರ ಮನೆ ದೋಸೆ ತೂತಾದರೆ ನಮ್ಮನೆ ಕಾವಲಿಯೇ ತೂತು:
ಗಾದೆ ಕಟ್ಟಿದವ ನಮ್ಮ ರೂಮಿನಲ್ಲೇ
ಬಾಡಿಗೆ ಪಾಲು ಕೊಟ್ಟುಕೊಂಡು ಇದ್ದಿರಬೇಕು.

ಅಂಗಡಿಯ ಹುಡುಗ ನೇಪಾಳದವನು, ಟೇಕ್ ಬಹಾದೂರ್,
ಒಂದೊಂದೇ ಇಳಿಸಿ ಮುಂದಿಟ್ಟ.
ಇದು ಟೆಫ್ಲಾನ್. ಮೊಟ್ಟೆ ತಾನೇ ಜಾರುತ್ತದೆ;
ಖಾಲಿ ಕಾಯಿಸಿದರೆ ಮಾತ್ರ ಹೊಗೆ ಒಳ್ಳೆಯದಲ್ಲ.
ಇದು ಸೆರಾಮಿಕ್. ಹಾಲುಬಿಳಿ. ಉರಿಗೆ ಹೆದರುವುದಿಲ್ಲ,
ಆದರೆ ಆರೇಳು ತಿಂಗಳಿಗೆ ಜಾರುವುದನ್ನೇ ಮರೆಯುತ್ತದೆ.
ಇದು ಗ್ರಾನೈಟ್…
ಉಗುರು ತಾಗಿಸಿ ನೋಡಿದೆ.
ಕಲ್ಲಲ್ಲ ತಮ್ಮಾ, ಅದೇ ಟೆಫ್ಲಾನು, ಚುಕ್ಕಿ ಸೀರೆ ಉಟ್ಟಿದೆ.
ನಕ್ಕ. ಮಾಲೀಕನಿಗೆ ಕೇಳದಷ್ಟೇ ನಕ್ಕ.

ನನ್ನ ಕೆಲಸವೇ ಇದೆಂದು ಅವನಿಗೆ ಹೇಗೆ ಹೇಳಲಿ.
ಹಿದ್ದ್‌ನ ಡ್ರೈ ಡಾಕಿನಲ್ಲಿ, ನೀರು ಬಸಿದ ಹಡಗುಗಳ ಹೊಟ್ಟೆಯಡಿ
ದಿನವಿಡೀ ಕತ್ತೆತ್ತಿ ನಡೆಯುತ್ತೇನೆ.
ಚಿಪ್ಪು, ಪಾಚಿ, ಯಾವುದನ್ನೂ ಅಂಟಿಸಿಕೊಳ್ಳದ ಬಣ್ಣ
ಉಕ್ಕಿಗೆ ಮಾತ್ರ ಗಟ್ಟಿ ಅಂಟಿದೆಯೇ ನೋಡುತ್ತೇನೆ.
ಗುಳ್ಳೆ ಕಂಡಲ್ಲಿ, ಗೀರು ಕಂಡಲ್ಲಿ
ಹಳದಿ ಸುತ್ತು ಬರೆದು ಮುಂದೆ ಹೋಗುತ್ತೇನೆ.
ಹೊಸಬರು ಕೇಳುವುದುಂಟು:
ಯಾವುದಕ್ಕೂ ಅಂಟದ್ದು ಉಕ್ಕಿಗೆ ಹೇಗೆ ಅಂಟಿತು, ಸರ್?
ಮೊದಲು ಗಾಯ ಮಾಡಬೇಕು ಎನ್ನುತ್ತೇನೆ,
ಕಣ್ಣಿಗೆ ಕಾಣದ ಹಳ್ಳ ತೋಡಬೇಕು, ರಭಸದಿಂದ ಹರಳು ಉಗ್ಗಿ;
ಅಲ್ಲಿ ಬೇರು ಬಿಡುತ್ತದೆ.
ನುಣುಪು ಉಕ್ಕಿನ ಮೇಲೆ ಯಾವ ಬಣ್ಣವೂ ನಿಲ್ಲದು.

ಮೂಲೆಯಲ್ಲಿ ಬೀಡಿನ ಕಾವಲಿಯೂ ಇತ್ತು.
ಲೇಪವಿಲ್ಲ, ಜಂಬವಿಲ್ಲ. ಎತ್ತಿದರೆ ಮಣಿಕಟ್ಟಿಗೇ ಗೊತ್ತು.
ಅದು ಪಳಗಬೇಕು: ಗಂಜಿತಿಳಿಯಲ್ಲಿ ನೆನೆದು,
ಎಣ್ಣೆ ಕುಡಿದು, ಈರುಳ್ಳಿಯಿಂದ ತಿಕ್ಕಿಸಿಕೊಂಡು.
ಮೊದಲ ಹತ್ತು ದೋಸೆ ಕಾಗೆಗೆ,
ಆಮೇಲಿನ ಹತ್ತು ಗಂಡನಿಗೆ, ಎನ್ನುತ್ತಿದ್ದರು ನನ್ನತ್ತೆ.
ಪಳಗುವ ಹೊತ್ತಿಗೆ ವೀಸಾ ಮುಗಿದಿರುತ್ತದೆ.
ಮದುವೆಯಾಗಿ ಹನ್ನೊಂದು ವರ್ಷ;
ರಜೆಗಳನ್ನೆಲ್ಲ ಕೂಡಿಸಿದರೆ ಹದಿನಾಲ್ಕು ತಿಂಗಳು.
ನಾವೇ ಇನ್ನೂ ಪೂರ್ತಿ ಪಳಗಿಲ್ಲ.

ಫೋನು ಮಾಡಿದೆ.
“ಎಂತದಾರೂ ತಕಣಿ, ನೀರ್ದೋಸಿ ಎದ್ರೆ ಸಾಕ್” ಅಂದಳು.

ಟೆಫ್ಲಾನನ್ನೇ ಕೊಂಡೆ. ನಾಲ್ಕು ದಿನಾರು, ಮೇಲೆ ಇನ್ನೂರು ಫಿಲ್ಸು,
ಮರದ ಸಟ್ಟುಗ ಪುಕ್ಕಟೆ.
ಮೂರು ತಿಂಗಳಿಗೆಂದು ಹಿಡಿದ ಒಂಟಿ ಕೋಣೆಯಲ್ಲಿ
ತಡೆಯಲಾರದೆ ಮೀಟರು ಇಟ್ಟು ನೋಡಿದೆ:
ಮೂವತ್ತೆರಡು ಮೈಕ್ರಾನ್. ತಲೆಗೂದಲಿನ ಅರ್ಧ ದಪ್ಪ.
ಇಷ್ಟರ ಮೇಲೆ ಒಂದು ಸಂಸಾರ.

ಬಂದ ಮೂರನೆಯ ದಿನ ಅವಳು
ಬ್ಯಾಗಿನ ತಳದಿಂದ ತನ್ನ ಸ್ಟೀಲ್ ಸಟ್ಟುಗ ತೆಗೆದಳು.
ಮರದ್ದರಲ್ಲಿ ಕೈ ಓಡುವುದಿಲ್ಲವಂತೆ.
ಕರ್ರ್ ಎಂದಿತು. ಬೆರಳುದ್ದದ ಗೀರು.
ಬಾಯಿ ತೆರೆದೆ.
ತಟ್ಟೆಗೆ ದೋಸೆ ಬಿತ್ತು. ಮುಚ್ಚಿದೆ.

ಈಗ ನವೆಂಬರ್. ನನ್ನ ಜೊತೆ ಕಾವಲಿಯೂ ರೂಮಿಗೆ ಮರಳಿದೆ.
ಇಸುಬು ಹೊಯ್ದರೂ, ಗ್ರೆಗರಿ ಹೊಯ್ದರೂ
ದೋಸೆ ಸುತ್ತಲೂ ಎದ್ದು, ಒಂದು ಕಡೆ ಹಿಡಿಯುತ್ತದೆ.
ಬೇರೆ ತರೋಣ ಮಾರಾಯ, ಎನ್ನುತ್ತಾರೆ.
ತರೋಣ, ಎನ್ನುತ್ತೇನೆ, ಮುಂದಿನ ಸಂಬಳಕ್ಕೆ.
ಹಿಡಿದ ಚೂರನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ
ಅದನ್ನೇ ಮೊದಲು ತಿನ್ನುತ್ತೇನೆ.
ಜೇಬಿನಲ್ಲಿ ಹಳದಿ ಕಡ್ಡಿ ಇದೆ.
ಇರಲಿ.