ನಲವತ್ತು ಸೆಕೆಂಡು

ಗುದೈಬಿಯಾದ ಮೂರನೇ ಮಹಡಿ. ಹೊರಗೆ ಆಗಸ್ಟ್.
ಎ.ಸಿ.ಯ ತಂಪಿಗೆ ಕಿಟಕಿ ಗಾಜು ಹೊರಮೈಯಲ್ಲಿ ಬೆವರುತ್ತದೆ,
ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ.

ವಲೇರಿಯನ್ ಬಿಟ್ಟುಹೋದ ಫೈಲಿನ ಹೆಸರು ‘ಕಟ್ಟು’.
ಹನ್ನೊಂದು ವರ್ಷ ಈ ಒಂದೇ ಫೈಲು
ನಮ್ಮ ಗಿರಾಕಿಗಳಿಗೆಲ್ಲ ಸರ್ವರ್ ಕಟ್ಟಿಕೊಟ್ಟಿದೆ:
ಸಿತ್ರಾದ ಕ್ಲಿನಿಕ್ಕಿಗೊಂದು, ಮುಹರ್ರಕ್ಕಿನ ಶಾಲೆಗೊಂದು,
ಬರೀ ಲೆಕ್ಕ ಸಿಕ್ಕರೆ ಸಾಕೆನ್ನುವ
ಮಂಜುಗಡ್ಡೆ ಕಂಪನಿಗೊಂದು.

ಸರ್ವರ್ ನಮ್ಮದಲ್ಲ. ಯಾರಪ್ಪನದ್ದೂ ಅಲ್ಲ.
ಯಾವ ಯಾವ ದೇಶದವರೋ ನಿದ್ದೆಗೆಟ್ಟು ಬರೆದು
ತಗೊಳ್ಳಿ ಎಂದು ಬಾಗಿಲು ತೆರೆದಿಟ್ಟದ್ದು.
ನಾವು ಕಟ್ಟುವವರು ಮಾತ್ರ.
ಮನೆ ಕಟ್ಟಿದ ಹಾಗೋ, ಬುತ್ತಿ ಕಟ್ಟಿದ ಹಾಗೋ?
ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಕೊಟ್ಟು ಸುಮ್ಮನಿದೆ.

ವಲೇರಿಯನ್ ಪದ್ಧತಿ ಹೀಗೆ:
ಇಡೀ ಸರ್ವರನ್ನು ಇಳಿಸು. ಪೂರಾ ಬಿಚ್ಚು.
ಬೇಡದ್ದನ್ನೆಲ್ಲ ಒಂದೊಂದಾಗಿ ಕಿತ್ತೆಸೆ.
ಉಳಿದದ್ದಕ್ಕೆ ಹಗ್ಗ ಬಿಗಿ.
ಬರೆಯುವವರು ಹೊಸ ತುಂಡೊಂದು ಸೇರಿಸಿದರೆ
ನಮ್ಮ ಕೀಳುವ ಪಟ್ಟಿಗೆ ಅದರ ಗುರುತೇ ಇಲ್ಲ;
ಹಾಗಾಗಿ ಒಂದು ಬೆಳಿಗ್ಗೆ ಮಂಜುಗಡ್ಡೆಯವರ ಪರದೆಯಲ್ಲಿ
ನಕ್ಷೆ ಬಿಡಿಸುವ ಸಲಕರಣೆ ಬಂದು ಕೂತಿತ್ತು,
ಕರೆಯದ ಮದುವೆಗೆ ಬಂದು
ಮೊದಲ ಪಂಕ್ತಿಗೇ ಕೂತವನ ಹಾಗೆ.
ಫೋನು ಬಂತು. ಬಯ್ಗುಳ ಅರಬ್ಬಿಯಲ್ಲಿ ಶುರುವಾಗಿ
ನನಗೆ ತಿಳಿಯಲೆಂದು ಹಿಂದಿಗೆ ಹೊರಳಿತು.

ಇನ್ನೂರ ಹನ್ನೆರಡನೇ ಸಾಲಿನಲ್ಲಿ
ಯಂತ್ರಕ್ಕೊಂದು ಅಪ್ಪಣೆ: ನಲವತ್ತು ಸೆಕೆಂಡು ಮಲಗು.
ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ:
‘ಯಾಕೆಂದು ಗೊತ್ತಿಲ್ಲ. ತೆಗೆಯಬೇಡಿ.’

ಗುರುವಾರ ರಾತ್ರಿ ಕಾರ್ಗೋ ಅಂಗಡಿಗೆ ಹೋಗಿದ್ದೆ,
ಅಕ್ಕನ ಬಾಣಂತನದ ಸಾಮಾನು ಕಳಿಸಲು.
ಮನೆಯಲ್ಲೇ ತುಂಬಿ ತಂದ ಪೆಟ್ಟಿಗೆ. ತಕ್ಕಡಿ ಮೂವತ್ತೆಂಟು ಅಂದಿತು.
ಟವೆಲು ತೆಗೆದೆ. ಹಾಲಿನ ಪುಡಿ ತೆಗೆದೆ.
ಹಾಲಿನ ಪುಡಿ ಮತ್ತೆ ಹಾಕಿದೆ.
ಕಾಸರಗೋಡಿನ ಮೊಯ್ದು ಕಾಕ ನೋಡುವಷ್ಟು ಹೊತ್ತು ನೋಡಿ
ಪೆಟ್ಟಿಗೆಯನ್ನು ತಲೆಕೆಳಗೆ ಹಿಡಿದು ನೆಲಕ್ಕೆ ಸುರಿದರು.
‘ತುಂಬಿದ್ದರಿಂದ ತೆಗೀತಾ ಕೂತ್ರೆ ಸುಬಹಿ ಬಾಂಗು ಆಗ್ತದೆ ಮೋಳೇ.
ಖಾಲಿಯಿಂದ ಹಿಡಿ. ಏನು ಹೋಗ್ಬೇಕು, ಅದನ್ನಷ್ಟೇ ಹೇಳು.’
ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ರಟ್ಟಿನ ಮೇಲೆ ಬರೆಯಲು ನಿಂತರು.

ಶನಿವಾರ, ಆಫೀಸು ಖಾಲಿ. ನಾನೂ ಖಾಲಿಯಿಂದ ಹಿಡಿದೆ.
ಗಿರಾಕಿಗೊಂದು ಪಟ್ಟಿ, ಏಳೆಂಟು ಸಾಲು, ಬೇಕಾದ್ದು ಮಾತ್ರ.
ಅವಲಕ್ಕಿ ಅಂದರೆ ಸಾಸಿವೆ, ಕರಿಬೇವು ತಾನೇ ಹುಡುಕಿ ತರುವಂಥ
ಜಾಣ ಉಪಕರಣ ಈಗ ಇದೆ,
ಅದೂ ಯಾರೋ ಪುಕ್ಕಟೆ ಕೊಟ್ಟದ್ದೇ.
ಮರ್ಯಂಗೆ ತೋರಿಸಿದೆ. ಅವಳ ಮುತ್ತಜ್ಜ ಮುತ್ತಿನ ವ್ಯಾಪಾರಿ,
ತೂತಿನ ಹಿತ್ತಾಳೆ ಬಟ್ಟಲುಗಳಲ್ಲಿ ಜರಡಿ ಹಿಡಿಯುತ್ತಿದ್ದವನು.
‘ಸಮುದ್ರ ಏನು ಕೊಟ್ಟಿದೆಯೆಂದು ಗೊತ್ತಿಲ್ಲದವನಿಗೆ ಜರಡಿ,’ ಅಂದಳು,
‘ನಮಗೆ ಗೊತ್ತಿತ್ತಲ್ಲ!’

ಹಳೆಯದನ್ನು ಅಳಿಸುವ ಮುಂಚೆ
ಮೂಡುಬಿದಿರೆಯಲ್ಲಿರುವ ವಲೇರಿಯನ್‌ಗೆ ಕೇಳಿದೆ:
ಆ ನಲವತ್ತು ಸೆಕೆಂಡು ಯಾಕೆ?
ರಾತ್ರಿ ಉತ್ತರ ಬಂತು.
‘ನನಗೂ ಗೊತ್ತಿಲ್ಲ ಮಾರಾಯ್ತಿ. ನಾನು ಬರುವ ಮೊದಲೇ ಇತ್ತು.
ಟಿಪ್ಪಣಿ ಮಲಯಾಳದಲ್ಲಿತ್ತು,
ನಾನು ಕನ್ನಡ ಮಾಡಿದೆ, ಅಷ್ಟೆ.’

ಯಾರವನು? ಯಾವ ಯಂತ್ರದ ಏದುಸಿರು ಕೇಳಿ
ಸ್ವಲ್ಪ ಮಲಗಲಿ ಪಾಪ, ಅಂದವನು?
ಯಾವ ವೀಸಾ ಮುಗಿದು ಯಾವ ಊರಿಗೆ ಹೋದ?
ಅಳಿಸಿದೆ.

ಹೊಸದು ಒಂಬತ್ತು ಸೆಕೆಂಡಿಗೆ ಕಟ್ಟಿ ಮುಗಿಸಿತು.
ಉಳಿದ ಮೂವತ್ತೊಂದನ್ನು ಏನು ಮಾಡಲಿ?
ಎದ್ದು ಕಿಟಕಿ ಸರಿಸಿ, ಬಿಸಿಗಾಳಿಗೆ ತೋಳು ಚಾಚಿ
ಗಾಜನ್ನು ಹೊರಗಿನಿಂದ ಒರೆಸಿದೆ.
ಎದುರು ಮಹಡಿಯ ಬಟ್ಟೆ ಹಗ್ಗ, ಅದರ ಮೇಲೊಂದು ನೀಲಿ ಲುಂಗಿ
ಸ್ಪಷ್ಟ ಕಂಡಿತು.
ಆಮೇಲೆ ಗಾಜು ಮತ್ತೆ ಬೆವರಿತು.